ಮೂರನೆಯ ಜಗ್ಗು

ದಯಾನಂದ, ಸುಕನ್ಯಾ ಎಂಬ ಹೆಸರುಗಳು ಹುಚ್ಚಮ್ಮನ ಕಿವಿಗೆ ಮೊದಲ ಸಲ ಬಿದ್ದದ್ದು ಗೋಣಿಬೀಡಿನ ಹಿಟ್ಟಿನ ಗಿರಣಿಯಲ್ಲಿ, ಸುಕನ್ಯಾ ಸತ್ತ ಮೂರನೆಯ ದಿನ. ಕಡುಬಿಗೆ ಅಕ್ಕಿ ತರಿ ಒಡೆಸಲು ಹೋಗಿದ್ದಳು. ಕರೆಂಟು ಹೋಗಿ ಗಿರಣಿಯ ಪಟ್ಟಿ ನಿಂತಿತ್ತು. ಹಿಟ್ಟಿನ ಧೂಳು ಮಾತ್ರ ಇನ್ನೂ ಗಾಳಿಯಲ್ಲೇ ಇತ್ತು. ಸಾಲಾಗಿ ಕುಳಿತಿದ್ದ ಹೆಂಗಸರ ಹುಬ್ಬು, ರೆಪ್ಪೆ, ಮುಂಗೂದಲು ಎಲ್ಲ ಬೆಳ್ಳಗಾಗಿ, ಯಾರು ಮುದುಕಿ ಯಾರು ಹುಡುಗಿ ತಿಳಿಯದ ಹಾಗಿತ್ತು. ಅವರ ನಡುವೆ ಬಸಮ್ಮ ಕೈ ಆಡಿಸುತ್ತಾ ಹೇಳುತ್ತಿದ್ದಳು.

“ದೇವರಮನೆ ದಾರೀಲಿ ಹಳೇ ಬಂಗ್ಲೆ ಇಲ್ವಾ, ಈಗ ಹೋಂಸ್ಟೇ ಮಾಡಿದಾರಲ್ಲ, ಅಲ್ಲೇ ಕಣೆ. ವೈಫೈ ವೈರು ಹಾಕ್ತಿದ್ರಂತೆ ಗಂಡ ಹೆಂಡ್ತಿ. ಅವ್ಳು ಅಟ್ಟದ ಮೇಲೆ, ಇವ್ನು ಗೋಡೆ ಆಚೆ. ಇವ್ನು ಎಳ್ದ, ಅವ್ಳು ಬಿದ್ಲು.”

“ಅವ್ಳು ಎಳಿ ಅನ್ನೋ ಮುಂಚೇನೇ ಎಳ್ದ್ನಾ?” ಎಂದು ಯಾರೋ ಕೇಳಿದರು.

“ಅದೇ ಅಲ್ವಾ ಈಗ ಎಲ್ಲಾರ ಬಾಯಲ್ಲೂ ಇರೋದು! ಅವ್ಳು ಮೂರು ಸಲ ಜಗ್ಗಿದ್ಲು, ಅದ್ಕೇ ಎಳ್ದೆ ಅಂತಾನೆ ಅವ್ನು. ಅವ್ನಿಗೆ ಪುರುಸೊತ್ತಿಲ್ಲ, ಹಾಗೇ ಎಳ್ದುಬಿಟ್ಟ ಅಂತಾರೆ ಅವ್ಳ ಕಡೆಯೋರು. ಸತ್ತೋಳು ಬಂದು ಹೇಳ್ತಾಳಾ, ನಾನು ಎಷ್ಟು ಜಗ್ಗಿದೆ ಅಂತ?”

ಅಷ್ಟರಲ್ಲಿ ಕರೆಂಟು ಬಂದು ಗಿರಣಿ ಗುಡುಗಿತು. ಹುಚ್ಚಮ್ಮ ತನ್ನ ಪಾತ್ರೆ ಮುಂದಕ್ಕೆ ತಳ್ಳಿದಳು. ತರಿ ಬೀಳುವಾಗೆಲ್ಲ ಅವಳ ಮನಸ್ಸು ಮಾತ್ರ ಒಂದು, ಎರಡು, ಮೂರು ಎಂದು ಎಣಿಸುತ್ತಿತ್ತು.

ಅವರಿಬ್ಬರ ಕಥೆ ಆಮೇಲೆ ಅಲ್ಲಿ ಇಲ್ಲಿ ಕೇಳಿ, ಕೊನೆಗೆ ದಯಾನಂದನ ಬಾಯಿಂದಲೇ ಕೇಳಿ ಅವಳಿಗೆ ಪೂರ್ತಿ ಗೊತ್ತಾಯಿತು. ದಯಾನಂದ ಎಸ್ಟೇಟಿನ ಕೂಲಿ ಲೈನಿನ ಸಾಲುಮನೆಯಲ್ಲಿ ಹುಟ್ಟಿದವನು. ಅಪ್ಪ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ವಾಚರ್. ಬಂಗಲೆಗೂ ಪಲ್ಪರ್ ಮನೆಗೂ ನಡುವೆ ಆಗ ಒಂದು ಕಪ್ಪು ಫೋನು ಇತ್ತು, ತಂತಿ ಮರದಿಂದ ಮರಕ್ಕೆ ಹೋಗಿತ್ತು. ಗಾಳಿಗೆ ತಂತಿ ಕಡಿದಾಗೆಲ್ಲ ಎಂಟು ವರ್ಷದ ದಯಾನಂದನೇ ಹುಡುಕಿಕೊಂಡು ಹೋಗಿ ಗಂಟು ಹಾಕಿ ಬರುತ್ತಿದ್ದ. ಹಾಗೆ ಹಿಡಿದ ತಂತಿಯನ್ನು ಅವನು ಬಿಡಲೇ ಇಲ್ಲ. ಕೇಬಲ್ ಟಿವಿ ಬಂದಾಗ ಕೇಬಲ್, ಡಿಶ್ ಬಂದಾಗ ಡಿಶ್, ಈಗ ಫೈಬರ್, ವೈಫೈ.

ಸುಕನ್ಯಾ ಕರಿಮೆಣಸು ಕೊಯ್ಯುವವಳು. ಗಂಡಸರೇ ಹೆದರುವ ಒಂಟಿ ಬಿದಿರಿನ ಏಣಿಯಲ್ಲಿ ನಲವತ್ತು ಅಡಿ ಹತ್ತಿ, ಬಳ್ಳಿ ಹಬ್ಬಿದ ಸಿಲ್ವರ್ ಮರದ ತುದಿಯಲ್ಲಿ ನಿಂತು ಹಾಡು ಹೇಳುತ್ತಿದ್ದಳಂತೆ. ಮದುವೆಯಾದ ಮೇಲೆ ಗಂಡನ ವೈರಿನ ಇನ್ನೊಂದು ತುದಿ ಹಿಡಿದಳು. ಇಪ್ಪತ್ತೆರಡು ವರ್ಷ ಹಿಡಿದಳು. ಹಳೆ ಮನೆಗಳ ಮಣ್ಣಿನ ಗೋಡೆ ಎರಡು ಅಡಿ ದಪ್ಪ. ಕೂಗಿದರೆ ಆಚೆ ಕೇಳುವುದಿಲ್ಲ, ಮೊಬೈಲಿಗೆ ರೇಂಜ್ ಇಲ್ಲ. ಅದಕ್ಕೇ ಅವರದ್ದೊಂದು ಲೆಕ್ಕ ಇತ್ತು. ವೈರನ್ನು ಒಂದು ಸಲ ಜಗ್ಗಿದರೆ ‘ಇದ್ದೀನಿ’, ಎರಡು ಜಗ್ಗಿದರೆ ‘ತಾಳು’, ಮೂರು ಜಗ್ಗಿದರೆ ‘ಎಳಿ’. ಇಪ್ಪತ್ತೆರಡು ವರ್ಷದಲ್ಲಿ ಆ ಲೆಕ್ಕ ಒಂದು ಸಲವೂ ತಪ್ಪಿರಲಿಲ್ಲ. ನಲವತ್ತು ಅಡಿಯಲ್ಲಿ ಹಾಡುತ್ತಿದ್ದವಳು ಹತ್ತಡಿಯ ಅಟ್ಟದಿಂದ ಬಿದ್ದಳು. ವೈರು ಕೈಗೆ ಎರಡು ಸುತ್ತು ಸುತ್ತಿಕೊಂಡಿದ್ದಳು.

ಎರಡು ವರ್ಷ ಕಳೆಯಿತು.

ಹುಚ್ಚಮ್ಮನ ಸೊಸೆ ಅರುಣಾ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಯಾವುದೋ ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿದವರಿಗೆ ಕನ್ನಡದಲ್ಲಿ ಉತ್ತರ ಹೇಳುವ ಕೆಲಸ. ರೂಟರ್ ಮುಂದಿನ ಕೋಣೆಯಲ್ಲಿ, ಅರುಣಾಳ ಮೇಜು ಹಿಂದೆ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ನಡುವೆ ಹುಚ್ಚಮ್ಮನ ಮಾವ ಕಟ್ಟಿಸಿದ ಮಣ್ಣಿನ ಗೋಡೆ. ಮಾತಿನ ಮಧ್ಯೆ ಕರೆ ಕಡಿದುಹೋಗುತ್ತಿತ್ತು. ಮುಂದಿನ ಕೋಣೆಯಲ್ಲೇ ಕೂತುಕೊಳ್ಳೋಣವೆಂದರೆ ಅಲ್ಲಿ ಮೆಣಸಿನ ಮೂಟೆ, ಜನ, ಗಂಡ ದೇವರಾಜನ ಪಿಕಪ್ಪಿನ ಸದ್ದು.

ಕಾಫಿ ಹೂ ಬಿಟ್ಟ ವಾರದಲ್ಲಿ ಅದನ್ನು ಸರಿಮಾಡಲು ದಯಾನಂದ ಬಂದ. ತೋಟವೆಲ್ಲ ಬೆಳ್ಳಗೆ. ಆ ವಾಸನೆ ಮೊದಲ ದಿನ ಹಿತ, ಮೂರನೆಯ ದಿನಕ್ಕೆ ತಲೆ ಹಿಡಿಯುತ್ತದೆ. ಜೇನು ನೊಣಗಳ ಗುಂಯ್ ಸದ್ದು ಗೋಡೆಯೊಳಗಿಂದಲೇ ಬರುತ್ತಿದೆಯೇನೋ ಅನ್ನಿಸುವಷ್ಟು. ಅದರ ಮೇಲೆ ಕೆಳಗಿನ ಕೆರೆಯಲ್ಲಿ ಸ್ಪ್ರಿಂಕ್ಲರಿನ ಡೀಸೆಲ್ ಮೋಟರು.

ಐವತ್ತು ದಾಟಿದ ತೆಳ್ಳನೆಯ ಮನುಷ್ಯ. ಬೂಟು ಹೊರಗೆ ಬಿಟ್ಟು, ಮೊಬೈಲನ್ನು ಎದೆಮಟ್ಟಕ್ಕೆ ಹಿಡಿದು, ಮನೆಯೊಳಗೆ ಒಂದೊಂದೇ ಹೆಜ್ಜೆ ಇಡುತ್ತಾ ನಡೆದ. ಕಣ್ಣು ಪರದೆಯ ಮೇಲೆ. ನಡುಮನೆಯ ಬಾಗಿಲು ದಾಟಿ ಎರಡು ಹೆಜ್ಜೆ ಇಟ್ಟವನು ನಿಂತ.

“ಇಲ್ಲಿ ಸಾಯುತ್ತೆ” ಎಂದ.

ಹುಚ್ಚಮ್ಮ ಬೆಚ್ಚಿದಳು. “ಎಂಥದ್ದು ಮಾರಾಯ?”

“ಸಿಗ್ನಲ್ಲು ಅಮ್ಮ. ಇಲ್ಲೀವರೆಗೂ ಬಂತು, ಗೋಡೆ ತಿಂದುಹಾಕ್ತು.”

ಬಿಳಿ ಡಬ್ಬಿ ಎರಡು ತಂದಿದ್ದ, ಅಂಗೈಯಲ್ಲಿ ಕೂರುವಂಥವು. ಮೆಶ್ ಅಂತ ಹೆಸರು. ಒಂದನ್ನು ರೂಟರಿನ ಹತ್ತಿರ, ಇನ್ನೊಂದನ್ನು ಅಡುಗೆಮನೆಯ ಶೆಲ್ಫಿನಲ್ಲಿ ಇಟ್ಟ. ಫ್ರಿಜ್ಜಿನ ಮೇಲೆ ಇಡಿ ಎಂದ ಅರುಣಾಳಿಗೆ, ಕಬ್ಬಿಣದ ಹತ್ತಿರ ಬೇಡ, ನೆಲಕ್ಕೂ ಬೇಡ, ಮೂಲೆಗೂ ಬೇಡ ಎಂದ. ಅಡುಗೆಮನೆಯ ಡಬ್ಬಿ ಕಿತ್ತಳೆ ಬಣ್ಣದ ದೀಪ ತೋರಿಸಿ ಮಿಣುಕುತ್ತಾ ಉಳಿಯಿತು.

“ನೋಡಿ, ಇವೆರಡೂ ಗಾಳೀಲೇ ಮಾತಾಡ್ಕೊಳ್ತವೆ. ತೆಳ್ಳನೆ ಗೋಡೆ ಆಗಿದ್ರೆ ಸಾಕಿತ್ತು. ಈ ಗೋಡೇಗೆ ಆಗಲ್ಲ. ಒಂದ್ರಿಂದ ಇನ್ನೊಂದಕ್ಕೆ ವೈರು ಕೊಟ್ಟುಬಿಡ್ಬೇಕು. ಆಗ ಅದು ಗೋಡೆ ಜೊತೆ ಜಗಳ ಆಡೋ ಹಾಗೇ ಇಲ್ಲ.”

ಅಟ್ಟ ಹತ್ತಿದ. ಮುಂದಿನ ಕೋಣೆಯ ಮೂಲೆಯಿಂದ ಅಟ್ಟಕ್ಕೆ, ತೊಲೆಗಳ ಮೇಲೆ ಹಾದು ಅಡುಗೆಮನೆಗೆ, ನೀಲಿ ನೈಲಾನ್ ದಾರವೊಂದನ್ನು ಇಳಿಬಿಟ್ಟು ಬಂದ. ದಾರದ ಅಡುಗೆಮನೆಯ ತುದಿಗೆ ವೈರು ಕಟ್ಟಿ ಮುಂದಿನ ಕೋಣೆಯಿಂದ ಎಳೆದರೆ ಮುಗಿಯಿತು. ಆದರೆ ಒಬ್ಬನೇ. ಮುಂದೆ ಹೋಗಿ ನಾಲ್ಕು ಮೊಳ ಎಳೆಯುವುದು, ಓಡಿ ಬಂದು ಅಡುಗೆಮನೆಯಲ್ಲಿ ಸುರುಳಿ ಬಿಡಿಸುವುದು, ಮತ್ತೆ ಓಡುವುದು. ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು.

“ಕೊಡು ಇಲ್ಲಿ, ನಾನು ಸುರುಳಿ ಬಿಡ್ತೀನಿ” ಎಂದಳು ಹುಚ್ಚಮ್ಮ.

“ಬೇಡ ಅಮ್ಮ.”

“ಯಾಕೆ? ಎಪ್ಪತ್ನಾಲ್ಕು ವರ್ಷಕ್ಕೆ ಕೈ ಬಿದ್ದುಹೋಗುತ್ತಾ? ಹಸು ಹಗ್ಗ ಹಿಡ್ದಿರೋ ಕೈ ಇದು.”

“ನಾನು ಯಾರ ಕೈಗೂ ಕೊಡಲ್ಲ ಅಮ್ಮ.”

ಹಾಗೆಂದವನು ಅವಳ ಮುಖವನ್ನೇ ನೋಡಿ, ಏನು ಅನ್ನಿಸಿತೋ, ವೈರಿನ ಸುರುಳಿಯನ್ನು ಅವಳ ಮುಂದೆ ಇಟ್ಟ. ಕೆಳಗೇ ಕೂತಿರಬೇಕು, ಕೈಗೆ ಸುತ್ತಿಕೊಳ್ಳಬಾರದು ಎಂದು ಮೂರು ಸಲ ಹೇಳಿದ. ಒಂದು ಜಗ್ಗಿದರೆ ಇದ್ದೀನಿ, ಎರಡಕ್ಕೆ ತಾಳು, ಮೂರಕ್ಕೆ ಎಳಿ. ಗಿರಣಿಯಲ್ಲಿ ಕೇಳಿದ್ದು ಹುಚ್ಚಮ್ಮನಿಗೆ ಆಗ ನೆನಪಾಯಿತು. ಮಣೆ ಎಳೆದುಕೊಂಡು ಕೂತಳು.

ಒಂದು ಜಗ್ಗಿದಳು. ಆಚೆಯಿಂದ ಒಂದು ಬಂತು. ಮೂರು ಜಗ್ಗಿದಳು. ವೈರು ಹಾವಿನ ಹಾಗೆ ಗೋಡೆ ಹತ್ತಿತು. ಅರ್ಧ ಹೋಗಿತ್ತು, ಸುರುಳಿಯಲ್ಲಿ ಗಂಟು ಬಿತ್ತು, ಅದೇ ಹೊತ್ತಿಗೆ ಒಲೆಯ ಮೇಲೆ ಹಾಲು ಏರಿತು. ಹುಚ್ಚಮ್ಮ ಎರಡು ಜಗ್ಗಿದಳು. ಚೆನ್ನಾಗಿ, ಬಿಡಿಸಿ ಬಿಡಿಸಿ, ಒಂದು, ಎರಡು. ವೈರು ಜಾರದಿರಲಿ ಎಂದು ಅದರ ಮೇಲೆ ಒರಳಿನ ಗುಂಡುಕಲ್ಲು ಇಟ್ಟು ಎದ್ದಳು. ಹಾಲಿನ ಪಾತ್ರೆಗೆ ಕೈ ಹಾಕಿರಲಿಲ್ಲ, ಹಿಂದೆ ದಡ್ ಎಂದು ಸದ್ದಾಯಿತು. ಗುಂಡುಕಲ್ಲು ಉರುಳಿ ಬಾಗಿಲವರೆಗೆ ಹೋಗಿತ್ತು. ವೈರಿನ ಗಂಟು ನೆಗೆದು ಶೆಲ್ಫಿಗೆ ಬಡಿದು, ಎರಡು ಲೋಟ ನೆಲದಲ್ಲಿ.

ಅವಳು ಸಿಟ್ಟಿನಿಂದ ನಡುಮನೆ ದಾಟಿ ಹೋದಳು. “ತಾಳು ಅಂತ ಎರಡು ಜಗ್ಗಿದ್ನಲ್ಲ! ಕಿವಿ ಕೇಳಲ್ವಾ, ಕೈಯೂ ಕೇಳಲ್ವಾ ನಿಂಗೆ?”

ದಯಾನಂದನ ಕೈಯಿಂದ ದಾರ ಬಿದ್ದುಹೋಯಿತು.

“ಎಷ್ಟು ಜಗ್ಗಿದ್ರಿ?”

“ಎರಡು.”

“ಮೂರು ಬಂತು ಅಮ್ಮ.”

“ಎರಡು ಅಂದ್ರೆ ಎರಡು. ನಾನು ಅಕ್ಷರ ಕಲೀದಿದ್ರೂ ಎಣಿಸೋದು ಕಲ್ತಿದೀನಿ.”

ಅವನು ಅಲ್ಲೇ ಮೆಣಸಿನ ಮೂಟೆಯ ಮೇಲೆ ಕೂತ. ಸಿಟ್ಟು ಇಳಿದ ಹುಚ್ಚಮ್ಮ ನೀರು ತಂದುಕೊಟ್ಟಳು. ಅವನು ಲೋಟ ಖಾಲಿ ಮಾಡಿ ಕೆಳಗಿಟ್ಟ. ಆಗ ಹೇಳಿದ, ಎಲ್ಲವನ್ನೂ.

“ಪೊಲೀಸ್ನೋರು ಬರ್ಕೊಂಡ್ರು, ಆಕಸ್ಮಿಕ ಅಂತ. ಅವ್ಳ ಅಣ್ಣ ಮುಖಕ್ಕೆ ಉಗಿದ. ಅದೆಲ್ಲ ಇರ್ಲಿ ಅಮ್ಮ. ಮೂರು ಬಂತು ಅಂತ ನಾನೇ ಹೇಳಿದ್ದು. ಆದ್ರೆ ಆವತ್ತು ಇನ್ನೊಂದು ಮನೆಗೆ ಹೋಗೋ ಅವಸರ ಇತ್ತು ನಂಗೆ. ಎರಡು ಬಂದಿದ್ದನ್ನ ಮೂರು ಅಂತ ಮಾಡ್ಕೊಂಡ್ನಾ? ಈ ಕೈ ಸುಳ್ಳು ಹೇಳ್ತಾ? ಎರಡು ವರ್ಷದಿಂದ ಇದೊಂದೇ. ಇವತ್ತು ನಿಮ್ಮನೇಲಿ ಯಾವ ಅವಸರಾನೂ ಇರ್ಲಿಲ್ಲ. ನೀವು ಎರಡು ಜಗ್ಗಿದ್ರಿ. ನಂಗೆ ಮೂರು ಬಂತು. ಹಾಗಿದ್ರೆ ದಾರಾನೇ ಒಂದು ಸೇರಿಸ್ಬೋದಲ್ವಾ?”

“ಗುಂಡುಕಲ್ಲು ಅಲ್ಲಾಡಿರ್ಬೇಕು ಬಿಡು.”

“ಹೌದು. ಕಲ್ಲು ಇರ್ಬೋದು” ಎಂದ. ಆದರೆ ಕಣ್ಣು ಅಟ್ಟದ ಕಡೆ ಇತ್ತು.

ಅರುಣಾಳನ್ನು ಕರೆದು ಸುರುಳಿ ಹಿಡಿಸಿ ಕೆಲಸ ಮುಗಿಸಿದ. ವೈರಿನ ತುದಿ ಸಿಕ್ಕಿಸಿದ ಕೂಡಲೇ ಅಡುಗೆಮನೆಯ ಡಬ್ಬಿಯ ದೀಪ ಬೆಳ್ಳಗಾಯಿತು. ಅರುಣಾಳ ಕರೆ ಆಮೇಲೆ ಒಂದೂ ಕಡಿಯಲಿಲ್ಲ. ನೀಲಿ ದಾರವನ್ನು ಮಾತ್ರ ಅವನು ವೈರಿನ ಪಕ್ಕದಲ್ಲೇ ಮತ್ತೆ ಹಾಯಿಸಿ ಅಟ್ಟದಲ್ಲೇ ಬಿಟ್ಟ. ಮುಂದೆ ಇನ್ನೊಂದು ವೈರು ಹಾಕುವುದಿದ್ದರೆ ಬೇಕಾಗುತ್ತದೆ, ಎಲ್ಲ ಮನೆಯಲ್ಲೂ ಬಿಡುತ್ತೇವೆ ಎಂದ. ಅದರ ತುದಿ ಅಡುಗೆಮನೆಯ ಮೊಳೆಯ ಮೇಲೆ ನೇತಾಡುತ್ತಾ ಉಳಿಯಿತು.

ನಾಲ್ಕು ದಿನ ಬಿಟ್ಟು ಮತ್ತೆ ಬಂದ. ಡಬ್ಬಿ ಸರಿಯಾಗಿದೆಯಾ ನೋಡಬೇಕು ಅಂದ. ನೋಡಿದ. ಹೋಗಲಿಲ್ಲ. ಕೊನೆಗೆ, “ಅಮ್ಮ, ಒಂದ್ಸಲ ಆ ದಾರ ಹಿಡೀತೀರಾ?” ಎಂದ.

ಎರಡು ಜಗ್ಗಿದಳು. ಅರುಣಾ ನಡುಮನೆಯಲ್ಲಿ ನಿಂತು ಅವನು ಕೂಗಿದ್ದನ್ನು ಇತ್ತ ಕೂಗಿದಳು. “ಎರಡಂತೆ ಅತ್ತೆ!” ಗುಂಡುಕಲ್ಲು ಇಟ್ಟು, ಉರುಳಿಸಿ ನೋಡಿದರು. ಆಗಲೂ ಎರಡೇ. ಗಂಟು ಹಾಕಿ ನೋಡಿದರು, ಮೆಲ್ಲಗೆ ಜಗ್ಗಿ ನೋಡಿದರು, ಕಿತ್ತುಬರುವ ಹಾಗೆ ಜಗ್ಗಿ ನೋಡಿದರು. ಎರಡಂತೆ, ಎರಡಂತೆ, ಎರಡಂತೆ. ದಯಾನಂದ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಕುಗ್ಗಿ, ಕೊನೆಗೆ ಹೊರಟ. ವಾರ ಬಿಟ್ಟು ಮತ್ತೆ ಬಂದ. ಮತ್ತೆ ಎರಡೇ.

“ಆ ಮನುಷ್ಯನ ತಲೆ ನೆಟ್ಟಗಿಲ್ಲ ಅತ್ತೆ” ಎಂದಳು ಅರುಣಾ. “ನಾನು ಫೋನಲ್ಲಿ ಸತ್ತೋರ ಪಾಲಿಸಿ ವಿಚಾರ ಹೇಳ್ತಾ ಇರ್ತೀನಿ, ಇಲ್ಲಿ ನೀವಿಬ್ರೂ ಹಗ್ಗ ಜಗ್ಗಾಟ ಆಡ್ತಾ ಇರ್ತೀರಿ. ಯಾರಾದ್ರೂ ನೋಡಿದ್ರೆ ಎಂತ ಅಂದ್ಕೊಳ್ಳಲ್ಲ?”

“ಅಂದ್ಕೊಳ್ಳಲಿ ಬಿಡು.”

ಹುಚ್ಚಮ್ಮನಿಗೆ ಅವನ ಹುಚ್ಚು ಅರ್ಥವಾಗುತ್ತಿತ್ತು. ಅವಳ ಗಂಡ ಗುರುವಯ್ಯ ಕಾಫಿ ಕಣದಲ್ಲಿ ಎದೆ ಹಿಡಿದುಕೊಂಡು ಬಿದ್ದ ಮಧ್ಯಾಹ್ನ ಅವಳು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಒಂದು ಕೂಗು ಕೇಳಿದ ಹಾಗಾಗಿತ್ತು. ಮಂಗಟ್ಟೆ ಹಕ್ಕಿ ಇರಬೇಕು ಅಂದುಕೊಂಡು ಇನ್ನೆರಡು ಬಟ್ಟೆ ಒಗೆದಳು. ಅದು ಹಕ್ಕಿಯೋ ಅವನೋ ಎಂದು ಹತ್ತೊಂಬತ್ತು ವರ್ಷವಾದರೂ ಯಾರೂ ಅವಳಿಗೆ ಹೇಳಿರಲಿಲ್ಲ. ಯಾರಾದರೂ ಬಂದು, ಹಕ್ಕಿಯೇ ಕಣೆ, ನಾನೂ ಕೇಳಿದೆ ಎಂದು ಒಂದು ಸುಳ್ಳಾದರೂ ಹೇಳಿದ್ದರೆ ಆಗುತ್ತಿತ್ತು.

ಆ ನಡುವೆ ಇನ್ನೊಂದು ಸಂಗತಿ ಇತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಮಧ್ಯಾಹ್ನ ಎಲ್ಲರೂ ಉಂಡು, ಅರುಣಾ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕೂತ ಮೇಲೆ, ಅಡುಗೆಮನೆಯಲ್ಲಿ ಮೋಟರಿನ ಸದ್ದು, ಜೇನಿನ ಸದ್ದು ಬಿಟ್ಟರೆ ಏನೂ ಇರುತ್ತಿರಲಿಲ್ಲ. ಆಗ ಮೊಳೆಯ ಮೇಲಿನ ನೀಲಿ ದಾರ ಒಂದಿಷ್ಟು ಬಿಗಿಯಾಗುತ್ತಿತ್ತು. ಅಲ್ಲಾಡುತ್ತಿರಲಿಲ್ಲ. ಆಚೆ ಯಾರೋ ಹಿಡಿದುಕೊಂಡು ಸುಮ್ಮನೆ ಕೂತ ಹಾಗೆ, ಸಡಿಲವಿದ್ದದ್ದು ನೆಟ್ಟಗಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಸಡಿಲ. ಮುಂದಿನ ಕೋಣೆಗೆ ಹೋಗಿ ನೋಡಿದರೆ ದಾರದ ಆ ತುದಿ ಕಿಟಕಿಯ ಸರಳಿಗೆ ಕಟ್ಟಿದಲ್ಲೇ ಕಟ್ಟಿಕೊಂಡಿರುತ್ತಿತ್ತು.

ಅಟ್ಟದಲ್ಲಿ ಪುನುಗು ಬೆಕ್ಕು ಸೇರಿಕೊಂಡಿರಬೇಕು ಎಂದು ದೇವರಾಜನನ್ನು ಹತ್ತಿಸಿದಳು. ಅವನು ಟಾರ್ಚು ಬಿಟ್ಟು ನೋಡಿ ಮೇಲಿನಿಂದಲೇ ಕೂಗಿದ.

“ಬೆಕ್ಕೂ ಇಲ್ಲ ಎಂಥದ್ದೂ ಇಲ್ಲ ಅವ್ವ. ಧೂಳು ಇಷ್ಟು ದಪ್ಪ ಇದೆ, ಮೇಲೆ ಒಂದು ಇಲಿ ಹೆಜ್ಜೇನೂ ಇಲ್ಲ. ಆವಯ್ಯ ವೈರು ಹಾಕಿದ್ನಲ್ಲ, ಅವ್ನ ಕಾಲಿನ ಗುರುತು ಮಾತ್ರ.”

“ಒಬ್ಬಂದೇನಾ?” ಎಂದು ಅವಳ ಬಾಯಿಗೆ ಬಂತು. ಕೇಳಲಿಲ್ಲ. ಮಗ ಇಳಿದು ಬರುವವರೆಗೆ ಏಣಿಯನ್ನು ಎರಡು ಕೈಯಲ್ಲೂ ಒತ್ತಿ ಹಿಡಿದಳು.

ಹೂ ಉದುರಿ ತೋಟದ ನೆಲವೆಲ್ಲ ಕಂದು ಬಣ್ಣವಾದ ಮೇಲೆ ದಯಾನಂದ ಇನ್ನೊಂದು ಸಲ ಬಂದ. ಗಡ್ಡ ಬಂದಿತ್ತು. ಬೂಟು ಬಿಚ್ಚದೆ ಅಂಗಳದಲ್ಲೇ ನಿಂತ.

“ಕಳಸದ ಕಡೆ ಹೋಗ್ತಿದೀನಿ ಅಮ್ಮ. ಅಲ್ಲೊಂದು ಎಸ್ಟೇಟಲ್ಲಿ ಗೇಟು ಕಾಯೋ ಕೆಲಸ.”

“ವೈರಿನ ಕೆಲಸ?”

“ಬಿಟ್ಟೆ. ಈ ಕೈ ನಂಬೋ ಹಾಗಿಲ್ಲ. ನಲವತ್ತು ಸಲ ನೋಡಿದ್ವಿ. ದಾರ ಸುಳ್ಳು ಹೇಳಲ್ಲ. ಹೇಳಿದ್ದು ನಾನೇ.” ತನ್ನ ಅಂಗೈ ತಿರುಗಿಸಿ ನೋಡಿಕೊಂಡ. “ಅವ್ಳು ತಾಳು ಅಂದಿದ್ಲು ಅಮ್ಮ. ನಾನು ಎಳ್ದೆ.”

ಆ ಮಾತು ಹೇಳುವಾಗ ಅವನ ಮುಖದಲ್ಲಿ ದುಃಖವೂ ಇರಲಿಲ್ಲ. ಖಾಲಿ ಮನೆಯ ಹಾಗಿತ್ತು. ಈ ಮುಖ ಹೊತ್ತುಕೊಂಡು ಹೋದವನು ಕಳಸಕ್ಕೆ ಹೋಗುತ್ತಾನೋ, ದಾರಿಯ ಭದ್ರಾ ನದಿಗೆ ಹೋಗುತ್ತಾನೋ ಎಂದು ಹುಚ್ಚಮ್ಮ ಹೆದರಿದಳು.

“ಬಾ ಒಳಗೆ” ಎಂದಳು. “ಕೊನೇ ಸಲ. ಮುಂದಿನ ಕೋಣೇಲಿ ತುದಿ ಹಿಡ್ಕೊ. ಎಳೀಬೇಡ, ಸುಮ್ನೆ ಹಿಡ್ಕೊ.”

“ಬೇಡ ಅಮ್ಮ.”

“ಬಾ ಅಂದ್ರೆ ಬಾರೋ.”

ಅವಳು ನಿಶ್ಚಯ ಮಾಡಿಬಿಟ್ಟಿದ್ದಳು. ಮೂರು ಜಗ್ಗುವುದು. ಎರಡೇ ಜಗ್ಗಿದೆ ಎಂದು ಹೇಳುವುದು. ಬೇಕಾದರೆ ದೀಪ ಮುಟ್ಟಿ ಹೇಳುವುದು. ಆ ಪಾಪ ತನಗೆ ಬರಲಿ, ಇನ್ನೆಷ್ಟು ವರ್ಷ ಹೊರಬೇಕು?

ಆವತ್ತು ಮೋಟರು ನಿಂತಿತ್ತು. ಹೂ ಇಲ್ಲದ್ದರಿಂದ ಜೇನೂ ಇರಲಿಲ್ಲ. ಅರುಣಾಳ ಕೋಣೆಯಿಂದಲೂ ಮಾತು ಕೇಳಿಸುತ್ತಿರಲಿಲ್ಲ. ಶೆಲ್ಫಿನ ಮೇಲೆ ಡಬ್ಬಿಯ ಬಿಳಿ ದೀಪ ಕಣ್ಣು ಮಿಟುಕಿಸದೆ ಉರಿಯುತ್ತಿತ್ತು. ಹುಚ್ಚಮ್ಮ ಮೊಳೆಯಿಂದ ದಾರ ಬಿಚ್ಚಿ ಮಣೆಯ ಮೇಲೆ ಕೂತಳು. ದಾರ ಬೆಚ್ಚಗಿತ್ತು, ಈಗ ತಾನೆ ಯಾರೋ ಕೈಯಿಂದ ಬಿಟ್ಟ ಹಾಗೆ.

ಒಂದು ಜಗ್ಗಿದಳು.

ಎರಡು.

ಮೂರನೆಯದಕ್ಕೆ ಬೆರಳು ಮಡಚಬೇಕು, ಇನ್ನೂ ಮಡಚಿರಲಿಲ್ಲ. ಅವಳ ಬೆರಳ ಸಂದಿಯಲ್ಲಿ ದಾರ ತಾನಾಗಿ ಒಂದು ಗೇಣು ಮೇಲಕ್ಕೆ ಹೋಗಿ ನಿಂತಿತು. ಜೋರಾಗಿ ಅಲ್ಲ. ತುಂಬ ದಿನದಿಂದ ಈ ಕೆಲಸ ಮಾಡಿ ಗೊತ್ತಿರುವವರು ಎಷ್ಟು ಬೇಕೋ ಅಷ್ಟೇ ಎಳೆದು ಬಿಟ್ಟ ಹಾಗೆ.

ಹುಚ್ಚಮ್ಮ ಕಣ್ಣೆತ್ತಿ ಅಟ್ಟದ ಹಲಗೆ ನೋಡಿದಳು. ಸಂದಿಯಿಂದ ಒಂದಿಷ್ಟು ಧೂಳು ಬೆಳಕಿನಲ್ಲಿ ಇಳಿದು ಬರುತ್ತಿತ್ತು. ದಯಾನಂದನೇ ಎಳೆದನೇ ಅಂದುಕೊಂಡಳು. ಅವನೇ ಎಳೆದಿದ್ದರೆ ಅವನಿಗೆ ಎರಡೇ ಬಂದಿರಬೇಕು. ದಾರವನ್ನು ಮೆಲ್ಲಗೆ ತೊಡೆಯ ಮೇಲೆ ಇಟ್ಟು, ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ನಡುಮನೆಯಲ್ಲಿ ಹೆಜ್ಜೆ ಕೇಳಿತು. ನಿಧಾನದ ಹೆಜ್ಜೆ. ದಯಾನಂದ ಹೊಸ್ತಿಲಲ್ಲಿ ಬಂದು ನಿಂತ. ಕಣ್ಣಲ್ಲಿ ನೀರು ಧಾರೆ ಧಾರೆ. ಎರಡು ವರ್ಷದಲ್ಲಿ ಮೊದಲ ಸಲ ಅತ್ತದ್ದಿರಬೇಕು, ಅಳುವುದು ಹೇಗೆಂದು ಅವನ ಮುಖಕ್ಕೆ ಮರೆತುಹೋದ ಹಾಗಿತ್ತು.

“ಮೂರು ಬಂತು” ಎಂದ.

ಹುಚ್ಚಮ್ಮ ಬಾಯಿ ತೆರೆದಳು. ಸುಳ್ಳು ಹೇಳಬೇಕಾಗಿಯೇ ಇರಲಿಲ್ಲ. ಎರಡೇ ಕಣೋ ಜಗ್ಗಿದ್ದು ಎಂಬ ನಿಜವೇ ನಾಲಿಗೆಯ ತುದಿಯಲ್ಲಿತ್ತು. ಅವನು ಅವಳು ಸೆರಗಿನಲ್ಲಿ ಮುಚ್ಚಿಟ್ಟ ಕೈ ನೋಡಿದ, ಬಿಳಿಚಿದ ಮುಖ ನೋಡಿದ. ಏನು ತಿಳಿದುಕೊಂಡನೋ, ಬೇಗ ಕೈ ಎತ್ತಿ ತಡೆದ.

ಆ ದಿನದ ಮೇಲೆ ಅವಳು ಅವನನ್ನು ನೋಡಲಿಲ್ಲ. ಕಳಸದ ಕಡೆ ಗೇಟು ಕಾಯುವ ಕೆಲಸ ಬಿಟ್ಟು ಮತ್ತೆ ವೈರು ಹಿಡಿದನಂತೆ, ಆಳೊಬ್ಬನಿಗೆ ತುದಿ ಕೊಡುತ್ತಾನಂತೆ ಎಂದು ಬಸಮ್ಮನೇ ಮುಂದಿನ ವರ್ಷ ಹೇಳಿದಳು. ಅವನು ಎಷ್ಟು ಹಗುರಾಗಿದ್ದಾನೆಂದೂ ಹೇಳಿದಳು. ಹುಚ್ಚಮ್ಮ ತಲೆಯಾಡಿಸಿದಳು, ಅಷ್ಟೇ. ಹೊಸ್ತಿಲಲ್ಲಿ ನಿಂತು ಅವನು ಅವಳನ್ನು ಕೇಳಿಕೊಂಡದ್ದು ಇದೊಂದೇ:

“ನೀವು ಒಳ್ಳೇವ್ರು ಅಮ್ಮ. ನನ್ನ ಮುಖ ನೋಡಿ ಮನಸ್ಸು ಕರಗಿ ಒಂದು ಜಾಸ್ತಿ ಜಗ್ಗಿರ್ಬೋದು. ಇರ್ಲಿ. ನೀವು ಎಷ್ಟು ಜಗ್ಗಿದ್ರಿ ಅಂತ ನಂಗೆ ಮಾತ್ರ ಯಾವತ್ತೂ ಹೇಳ್ಬೇಡಿ.”